ಅಂಗಡಿಯ ಓಡುವ ಎಲ್‌ಇಡಿ ಬೋರ್ಡ್: ಕನ್ನಡ ಬರಹವನ್ನು ನೀವೇ ಬದಲಿಸುವುದು ಹೇಗೆ?

"ಅಂಗಡಿ ಮುಂದೆ ಬೋರ್ಡ್ ಹಾಕಿಸಿದ್ದೇವೆ. ಒಂದು ಸಾಲು ಬದಲಿಸಬೇಕಾದರೂ ಹಾಕಿದವರನ್ನೇ ಕರೆಯಬೇಕು. ಅವರು ನಾಳೆ ನಾಳೆ ಅಂತಾರೆ. ನಾವೇ ಮಾಡಬಹುದಾ?" ಈ ಪ್ರಶ್ನೆ ಬಾರದ ವಾರವೇ ಇಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಇಂಗ್ಲಿಷ್ ಸರಿಯಾಗಿ ಕಾಣುತ್ತದೆ, ಕನ್ನಡ ಮಾತ್ರ ಒಡೆದು ಹೋಗುತ್ತದೆ, ಯಾಕೆ?"

ನೀವೇ ಮಾಡಬಹುದು. ಬರಹ ಬದಲಿಸುವ ಕೆಲಸ ಫೋನಿನಲ್ಲಿ ಸ್ಟೇಟಸ್ ಹಾಕಿದಷ್ಟೇ ಸುಲಭ. ಆದರೆ ಕನ್ನಡವನ್ನು ಓದುವ ಹಾಗೆ ಕೂರಿಸುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಅದಕ್ಕೇ ಐದನೇ ಹಂತವನ್ನು ಉಳಿದವಕ್ಕಿಂತ ಉದ್ದವಾಗಿ ಬರೆದಿದ್ದೇನೆ. ಅವಸರ ಇದ್ದವರು ಉಳಿದದ್ದನ್ನು ಓಡಿಸಿ ಓದಿ, ಅದೊಂದನ್ನು ಮಾತ್ರ ನಿಧಾನವಾಗಿ ಓದಿ.

ಇಲ್ಲಿ ಹೇಳುತ್ತಿರುವುದು ಬೇಕರಿ, ಮೆಡಿಕಲ್ ಶಾಪ್, ಹೋಟೆಲ್, ದೇವಸ್ಥಾನಗಳ ಮುಂದೆ ಕಾಣುವ ಒಂದೇ ಬಣ್ಣದ ಬೋರ್ಡಿನ ಬಗ್ಗೆ. ಇದನ್ನು ಪಿ10 ಬೋರ್ಡ್ ಅನ್ನುತ್ತಾರೆ. ಒಂದು ದೀಪದಿಂದ ಪಕ್ಕದ ದೀಪಕ್ಕೆ 10 ಮಿಲಿಮೀಟರ್ ಅಂತರ ಇರುವುದರಿಂದ ಆ ಹೆಸರು. ಬಣ್ಣ ಬಣ್ಣದ ಚಿತ್ರ ತೋರಿಸುವ ಬೋರ್ಡುಗಳ ಕಾರ್ಡು, ಕೇಬಲ್ ಎರಡೂ ಬೇರೆ. ಆದರೂ ಕನ್ನಡದ ವಿಷಯ ಅಲ್ಲೂ ಇದೇ.

ಬೇಕಾಗುವ ಸಾಮಾನು: ಒಂದು ಸ್ಮಾರ್ಟ್‌ಫೋನ್, ಸಾಧ್ಯವಾದರೆ ವಿಂಡೋಸ್ ಕಂಪ್ಯೂಟರ್, ಒಂದು ಪೆನ್‌ಡ್ರೈವ್, ಸ್ಕ್ರೂಡ್ರೈವರ್, ಗಟ್ಟಿ ಏಣಿ. ಏಣಿ ಹಿಡಿಯಲು ಇನ್ನೊಬ್ಬರು ಜೊತೆಗಿರಲಿ.

ಹಂತ 1: ಬೋರ್ಡಿನೊಳಗೆ ಏನಿದೆ ನೋಡಿಕೊಳ್ಳಿ

ಮೊದಲು ಮೇನ್ ಸ್ವಿಚ್ ಆರಿಸಿ. ಪ್ಲಗ್ ಇದ್ದರೆ ಕಿತ್ತಿಡಿ. ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿ. ಒಳಗೆ ಮೂರೇ ಮುಖ್ಯ ವಸ್ತುಗಳಿರುತ್ತವೆ.

ಮೊದಲನೆಯದು ಪ್ಯಾನೆಲ್. ಒಂದೊಂದು ಪ್ಯಾನೆಲ್ 320 ಮಿಲಿಮೀಟರ್ ಅಗಲ, 160 ಮಿಲಿಮೀಟರ್ ಎತ್ತರ. ಅದರಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ದೀಪಗಳಿರುತ್ತವೆ. ಇಂಥ ಒಂದು ದೀಪವನ್ನು ಪಿಕ್ಸೆಲ್ ಅನ್ನುತ್ತಾರೆ. ನಾನು ಚುಕ್ಕಿ ಅಂತ ಕರೆಯುತ್ತೇನೆ.

ಎರಡನೆಯದು ಎಸ್‌ಎಂಪಿಎಸ್. ಮನೆಯ 230 ವೋಲ್ಟ್ ಕರೆಂಟನ್ನು 5 ವೋಲ್ಟಿಗೆ ಇಳಿಸುವ, ತೂತು ತೂತಿನ ತಗಡಿನ ಪೆಟ್ಟಿಗೆ ಇದು.

ಮೂರನೆಯದು ಕಂಟ್ರೋಲ್ ಕಾರ್ಡ್. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಹಲಗೆ. ನೀವು ಕಳಿಸಿದ ಬರಹವನ್ನು ನೆನಪಿಟ್ಟುಕೊಂಡು ಪ್ಯಾನೆಲ್ಲುಗಳಿಗೆ ಹಂಚುವುದು ಇದರ ಕೆಲಸ. ಇದರ ಮೇಲೆ ಅಚ್ಚಾಗಿರುವ ಕಂಪನಿ ಹೆಸರು, ಮಾದರಿ ಸಂಖ್ಯೆ ಎರಡನ್ನೂ ಫೋಟೋ ತೆಗೆದುಕೊಳ್ಳಿ. ಯಾವ ಆ್ಯಪ್ ಬೇಕು, ಯಾವ ತಂತ್ರಾಂಶ ಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಒಂದು ಕಂಪನಿಯ ಕಾರ್ಡು ಇನ್ನೊಂದರ ಆ್ಯಪಿನ ಮಾತು ಕೇಳುವುದಿಲ್ಲ.

ಈಗ ಪ್ಯಾನೆಲ್ ಎಣಿಸಿ. ಅಡ್ಡಕ್ಕೆ ನಾಲ್ಕು, ಒಂದೇ ಸಾಲು ಇದ್ದರೆ ನಿಮ್ಮ ಬೋರ್ಡು 128 × 16 ಚುಕ್ಕಿ. ಅದೇ ಎರಡು ಸಾಲಿದ್ದರೆ 128 × 32. ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯ ಒಳಗೆ ಅಂಟಿಸಿ. ಮುಂದಿನ ಸಲ ಏಣಿ ಹತ್ತುವ ಕೆಲಸ ತಪ್ಪುತ್ತದೆ.

ಹಂತ 2: ವೈರು, ಕೇಬಲ್ ಒಮ್ಮೆ ಮುಟ್ಟಿ ನೋಡಿ

ಮುಚ್ಚಳ ತೆಗೆದಿದ್ದೀರಿ ಅಲ್ವಾ, ಹಾಗೇ ಇದನ್ನೂ ಮುಗಿಸಿಬಿಡಿ. ಕರೆಂಟು ಆರಿರಲಿ. ಕೆಂಪು ವೈರು 5 ವೋಲ್ಟ್, ಕಪ್ಪು ವೈರು ಗ್ರೌಂಡ್. ಇವು ಅದಲು ಬದಲಾದರೆ ಪ್ಯಾನೆಲ್ ಆ ಕ್ಷಣವೇ ಸುಟ್ಟುಹೋಗಬಹುದು. ಬಿಚ್ಚಿ ಹಾಕುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ಯಾನೆಲ್ಲಿಂದ ಪ್ಯಾನೆಲ್ಲಿಗೆ ಹೋಗುವ ಚಪ್ಪಟೆ ಪಟ್ಟಿಯಂಥ ಕೇಬಲ್ಲಿನಲ್ಲಿ 16 ತಂತಿಗಳಿರುತ್ತವೆ. ಪ್ಯಾನೆಲ್ಲಿನ ಬೆನ್ನ ಮೇಲೆ ಬಾಣದ ಗುರುತು ಇರುತ್ತದೆ. ಕಾರ್ಡಿನಿಂದ ಬರುವ ಸಂಕೇತ ಆ ಬಾಣದ ದಿಕ್ಕಿನಲ್ಲೇ ಪ್ಯಾನೆಲ್ಲಿಂದ ಪ್ಯಾನೆಲ್ಲಿಗೆ ಹರಿಯಬೇಕು. ಕೇಬಲ್ ಸಡಿಲವಾಗಿದ್ದರೆ ಬೆರಳಿನಿಂದ ಒತ್ತಿ ಕೂರಿಸಿ. ಬೋರ್ಡಿನ ಅರ್ಧ ಭಾಗ ಹುಚ್ಚು ಹುಚ್ಚಾಗಿ ಮಿನುಗುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಒಂದು ಪ್ಯಾನೆಲ್ಲಿನ ಎಲ್ಲ ದೀಪಗಳೂ ಪೂರ್ತಿ ಬೆಳಗಿದರೆ ಸುಮಾರು 20 ವಾಟ್ ಎಳೆಯುತ್ತದೆ, ಅಂದರೆ 5 ವೋಲ್ಟಿನಲ್ಲಿ 4 ಆಂಪಿಯರ್. ನಾಲ್ಕು ಪ್ಯಾನೆಲ್ಲಿಗೆ 16 ಆಂಪಿಯರ್. ಬರಹ ಓಡುವಾಗ ಎಲ್ಲ ದೀಪ ಒಟ್ಟಿಗೆ ಉರಿಯುವುದಿಲ್ಲ, ಹಾಗಾಗಿ ನಿಜವಾದ ಖರ್ಚು ಕಡಿಮೆ. ಆದರೂ ಎಸ್‌ಎಂಪಿಎಸ್ ಮೇಲೆ ಬರೆದ ಆಂಪಿಯರ್ ಈ ಲೆಕ್ಕಕ್ಕಿಂತ ಜಾಸ್ತಿ ಇರಲಿ. ಕೊನೆಯ ಪ್ಯಾನೆಲ್ ಮಂಕಾಗಿ ಕಂಡರೆ ವೈರು ತೆಳುವಾಗಿದೆ ಎಂದೇ ತಿಳಿಯಿರಿ. ಎರಡೆರಡು ಪ್ಯಾನೆಲ್ಲಿಗೆ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ವೈರು ಎಳೆಸಿ. 230 ವೋಲ್ಟಿನ ಕಡೆಗೆ ಮಾತ್ರ ನೀವು ಕೈ ಹಾಕಬೇಡಿ, ಅದು ಎಲೆಕ್ಟ್ರಿಷಿಯನ್ ಕೆಲಸ. ಅರ್ತಿಂಗ್ ಇದೆಯೇ ಅಂತ ಅವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಮಳೆಗಾಲದಲ್ಲಿ ತಗಡಿನ ಚೌಕಟ್ಟು ಮುಟ್ಟುವವರು ನಿಮ್ಮ ಅಂಗಡಿಯ ಹುಡುಗರೇ.

ಹಂತ 3: ಫೋನನ್ನು ಬೋರ್ಡಿಗೆ ಜೋಡಿಸಿ

ಮುಚ್ಚಳ ಹಾಕಿ, ಕರೆಂಟು ಕೊಡಿ. ಕಾರ್ಡಿನಲ್ಲಿ ವೈ-ಫೈ ಇದ್ದರೆ ಒಂದು ನಿಮಿಷದಲ್ಲಿ ಫೋನಿನ ವೈ-ಫೈ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ. ಹುಯಿಡು ಕಂಪನಿಯ ಕಾರ್ಡಾದರೆ ಲೆಡ್‌ಆರ್ಟ್ ಆ್ಯಪ್ ಹಾಕಿಕೊಳ್ಳಿ. ಅದರ ವೈ-ಫೈಗೆ ಕಾರ್ಖಾನೆಯಿಂದ ಬರುವ ಪಾಸ್‌ವರ್ಡ್ ಎಂಟು ಸಲ 8. ಬೇರೆ ಕಂಪನಿಯದಾದರೆ ಡಬ್ಬಿಯಲ್ಲಿ ಬಂದ ಕಾಗದದಲ್ಲಿ ಆ್ಯಪಿನ ಹೆಸರು, ಪಾಸ್‌ವರ್ಡ್ ಎರಡೂ ಇರುತ್ತವೆ.

ಇಲ್ಲಿ ತುಂಬ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಬೋರ್ಡಿನ ವೈ-ಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. "ಇಂಟರ್ನೆಟ್ ಇಲ್ಲ, ಆದರೂ ಇದರಲ್ಲೇ ಇರಬೇಕಾ?" ಅಂತ ಫೋನ್ ಕೇಳುತ್ತದೆ. ಹೌದು ಅನ್ನಿ. ಸುಮ್ನೆ ಬಿಟ್ಟರೆ ಫೋನು ತಾನಾಗಿ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುತ್ತದೆ, ಆ್ಯಪಿಗೆ ಬೋರ್ಡೇ ಸಿಗುವುದಿಲ್ಲ. ಹಾಗಾಗಿ ಕೆಲಸ ಮುಗಿಯುವವರೆಗೆ ಮೊಬೈಲ್ ಡೇಟಾ ಆಫ್ ಮಾಡಿ. ಆಂಡ್ರಾಯ್ಡ್ ಫೋನಿನಲ್ಲಿ ಲೊಕೇಶನ್ ಅನುಮತಿಯನ್ನೂ ಕೊಡಬೇಕಾಗುತ್ತದೆ. ಅದು ಇಲ್ಲದಿದ್ದರೆ ಆ್ಯಪಿಗೆ ಸುತ್ತಲಿನ ವೈ-ಫೈ ಹುಡುಕಲು ಆಗುವುದಿಲ್ಲ.

ಜೋಡಣೆ ಆದ ತಕ್ಷಣ ಮಾಡಬೇಕಾದ ಕೆಲಸ ಪಾಸ್‌ವರ್ಡ್ ಬದಲಿಸುವುದು. ದಯವಿಟ್ಟು ಇದನ್ನು ನಾಳೆಗೆ ಇಡಬೇಡಿ. ಎಂಟು ಸಲ 8 ಒತ್ತಲು ಯಾರಿಗೂ ವಿದ್ಯೆ ಬೇಕಿಲ್ಲ. ಎದುರಿನ ಫುಟ್‌ಪಾತಿನಲ್ಲಿ ನಿಂತವರು ನಿಮ್ಮ ಅಂಗಡಿಯ ಹೆಸರಿನಲ್ಲಿ ಏನು ಬೇಕಾದರೂ ಓಡಿಸಬಹುದು, ಬೈಸಿಕೊಳ್ಳುವವರು ನೀವು.

ವೈ-ಫೈ ಇಲ್ಲದ ಕಾರ್ಡಿನಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಜಾಗ ಇರುತ್ತದೆ. ಕಂಪ್ಯೂಟರಿನ ತಂತ್ರಾಂಶದಲ್ಲಿ ಬರಹ ತಯಾರಿಸಿ, ಅದರಲ್ಲೇ ಇರುವ ಪೆನ್‌ಡ್ರೈವಿಗೆ ಉಳಿಸು ಅನ್ನುವ ಗುಂಡಿ ಒತ್ತಬೇಕು. ಫೈಲನ್ನು ಸುಮ್ನೆ ಎಳೆದು ಹಾಕಿದರೆ ಕೆಲಸ ಮಾಡುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ, 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದಾಗಿರಲಿ. ಸಿಕ್ಕಿಸಿದ ಮೇಲೆ ಹೊಸ ಬರಹ ಬೋರ್ಡಿನಲ್ಲಿ ಕಾಣುವವರೆಗೆ ಕೀಳಬೇಡಿ.

ಹಂತ 4: ಬೋರ್ಡಿನ ಅಳತೆ ಸರಿ ಇದೆಯಾ?

ಈಗಾಗಲೇ ಓಡುತ್ತಿರುವ ಬೋರ್ಡಾದರೆ ಇಲ್ಲಿ ಏನನ್ನೂ ಬದಲಿಸಬೇಡಿ. ಬೋರ್ಡಿನಿಂದ ಹೊಂದಿಕೆಗಳನ್ನು ಓದಿಕೊಳ್ಳುವ ಗುಂಡಿ ಇದ್ದರೆ ಒತ್ತಿ, ಬಂದ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಇನ್ನೊಬ್ಬರ ಫೋನಿಗೂ ಕಳಿಸಿಡಿ. ಕೆಟ್ಟರೆ ಹಿಂದಕ್ಕೆ ಹೋಗಲು ಅದೊಂದೇ ದಾರಿ.

ಹೊಸ ಬೋರ್ಡಾದರೆ ಅಗಲ, ಎತ್ತರವನ್ನು ಚುಕ್ಕಿಗಳ ಲೆಕ್ಕದಲ್ಲಿ ತುಂಬಬೇಕು. ಒಂದನೇ ಹಂತದ ಚೀಟಿ ನೋಡಿ. ಹುಯಿಡು ತಂತ್ರಾಂಶದಲ್ಲಿ ಈ ಪುಟ ತೆರೆಯಲು 168 ಅನ್ನುವ ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ಸ್ಕ್ಯಾನ್ ಆರಿಸಬೇಕು. ಸ್ಕ್ಯಾನ್ ಅಂದರೆ ಪ್ಯಾನೆಲ್ಲಿನ ಸಾಲುಗಳನ್ನು ಸರದಿಯ ಮೇಲೆ ಬೆಳಗಿಸುವ ಕ್ರಮ. ಅಂಗಡಿ ಹೊರಗಿನ ಒಂದೇ ಬಣ್ಣದ ಪಿ10ಗೆ ಸಾಮಾನ್ಯವಾಗಿ 1/4. ಅಂದರೆ 16 ಸಾಲಲ್ಲಿ ಒಂದು ಹೊತ್ತಿಗೆ ನಾಲ್ಕು ಸಾಲು ಮಾತ್ರ ಉರಿಯುತ್ತವೆ. ಬಲು ಬೇಗ ಬದಲಾಗುವುದರಿಂದ ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ ಕಾಣುತ್ತದೆ.

ಹಿನ್ನೆಲೆ ಪೂರ್ತಿ ಕೆಂಪಾಗಿ, ಅಕ್ಷರ ಕಪ್ಪಾಗಿ ಬಂದರೆ ಗಾಬರಿ ಬೇಡ. ಡೇಟಾ ಪೊಲಾರಿಟಿ ಅನ್ನುವುದನ್ನು ತಿರುಗಿಸಿ. ಸಾಲುಗಳು ಕಲಸಿ ಹೋದರೆ ಸ್ಕ್ಯಾನ್ ತಪ್ಪಾಗಿದೆ. ಬರಹ ಎರಡೆರಡು ಸಲ ಕಂಡರೆ ಅಥವಾ ಅರ್ಧದಲ್ಲೇ ನಿಂತರೆ ಅಗಲದ ಸಂಖ್ಯೆ ತಪ್ಪಾಗಿದೆ.

ಹಂತ 5: ಕನ್ನಡವನ್ನು ಕೂರಿಸುವುದು

ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಕೂರುತ್ತದೆ, ಅಷ್ಟೇ. ಕನ್ನಡ ಹಾಗಲ್ಲ. ಮೇಲೆ ಗುಣಿಸು ಏರುತ್ತದೆ, ಕೆಳಗೆ ಒತ್ತು ಇಳಿಯುತ್ತದೆ. ಒಂದೇ ಸಾಲಿನ ಬೋರ್ಡಿನಲ್ಲಿ ಇದಕ್ಕೆಲ್ಲ ಸೇರಿ ಇರುವುದು 16 ಚುಕ್ಕಿ ಎತ್ತರ. ಮೇಲಿನದಕ್ಕೆ, ಕೆಳಗಿನದಕ್ಕೆ ಜಾಗ ಬಿಟ್ಟರೆ ಮೂಲ ಅಕ್ಷರಕ್ಕೆ ಒಂಬತ್ತೋ ಹತ್ತೋ ಚುಕ್ಕಿ ಉಳಿಯುತ್ತದೆ. ನಮ್ಮ ಕಷ್ಟವೆಲ್ಲ ಇಲ್ಲಿದೆ.

ಮೊದಲು ಪರೀಕ್ಷೆ. "ಲಕ್ಷ್ಮಿ" ಅಂತ ಟೈಪ್ ಮಾಡಿ ಬೋರ್ಡಿಗೆ ಕಳಿಸಿ. ಆ ಎರಡನೇ ಅಕ್ಷರದಲ್ಲಿ ಗುಣಿಸೂ ಇದೆ, ಎರಡು ಒತ್ತೂ ಇವೆ. ಅದು ಸರಿಯಾಗಿ ಬಂದರೆ ಮಿಕ್ಕ ಕನ್ನಡವೆಲ್ಲ ಬರುತ್ತದೆ. ಬಾರದಿದ್ದರೆ ಎರಡು ಥರದ ತೊಂದರೆ ಇರಬಹುದು, ಎರಡಕ್ಕೂ ಮದ್ದು ಬೇರೆ.

ಅಕ್ಷರ ಬಿಡಿಬಿಡಿಯಾಗಿ, ಒತ್ತಿನ ಬದಲು ಅರ್ಧಾಕ್ಷರ, ಚುಕ್ಕೆ ಚುಕ್ಕೆಯ ಸೊನ್ನೆ ಕಾಣಿಸಿದರೆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಅಕ್ಷರ ಸರಿಯಾಗಿದ್ದು ತಲೆಯೋ ಕಾಲೋ ಕತ್ತರಿಸಿ ಹೋಗಿದ್ದರೆ ಅಳತೆ ಜಾಸ್ತಿಯಾಗಿದೆ.

ಎರಡನೆಯದು ಸುಲಭ. ಅಕ್ಷರದ ಅಳತೆಯನ್ನು 16ಕ್ಕೆ ಇಟ್ಟಿದ್ದರೆ 12ರ ಹತ್ತಿರಕ್ಕೆ ಇಳಿಸಿ. ಒಂದೊಂದೇ ಇಳಿಸುತ್ತ ಮುನ್ನೋಟ ನೋಡಿ, ಲಕ್ಷ್ಮಿಯ ಒತ್ತು ಪೂರ್ತಿ ಕಂಡಲ್ಲಿ ನಿಲ್ಲಿಸಿ. ಫಾಂಟ್ ವಿಷಯದಲ್ಲಿ ದಪ್ಪದ ಆಸೆ ಬೇಡ. ಬಲೂ ತಮ್ಮದಂಥ ದಪ್ಪ ಫಾಂಟ್ ಫ್ಲೆಕ್ಸಿನಲ್ಲಿ ಚೆಂದ. ಆದರೆ 16 ಚುಕ್ಕಿಯಲ್ಲಿ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ತುಂಬಿಹೋಗಿ ಎಲ್ಲ ಅಕ್ಷರವೂ ಒಂದೇ ಉಂಡೆ ಆಗುತ್ತದೆ. ವಿಂಡೋಸಿನಲ್ಲಿ ಬರುವ ನಿರ್ಮಲ, ಹಳೆಯ ವಿಂಡೋಸಿನಲ್ಲಿ ಬರುತ್ತಿದ್ದ ತುಂಗ, ಇಲ್ಲವೇ ನೋಟೋ ಸಾನ್ಸ್ ಕನ್ನಡ ಇವುಗಳ ಸಾದಾ ರೂಪ ಸಾಕು. 32 ಚುಕ್ಕಿ ಎತ್ತರದ ಬೋರ್ಡಿದ್ದರೆ ಆಗ ದಪ್ಪ ಮಾಡಿ. ಹೊಸದಾಗಿ ಬೋರ್ಡ್ ಮಾಡಿಸುವವರಿಗೆ ನನ್ನ ಮಾತು ಒಂದೇ: ಉದ್ದ ಕಡಿಮೆಯಾದರೂ ಪರವಾಗಿಲ್ಲ, ಎರಡು ಸಾಲಿನದು ಮಾಡಿಸಿ. ಕನ್ನಡಕ್ಕೆ ಎತ್ತರ ಬೇಕು.

ಮೊದಲನೆಯ ತೊಂದರೆಗೆ ಎರಡು ದಾರಿ. ಹಳೆಯ ದಾರಿ ನುಡಿಯದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಆಸ್ಕಿ ಅನ್ನುವ ಹಳೆಯ ಸಂಕೇತ ಪದ್ಧತಿ ಇದೆ. ಅದರಲ್ಲಿ ಒತ್ತು, ಗುಣಿಸು ಎಲ್ಲವೂ ಬಿಡಿ ಚೂರುಗಳಾಗಿ ಫಾಂಟಿನಲ್ಲೇ ಇರುತ್ತವೆ, ತಂತ್ರಾಂಶ ಏನನ್ನೂ ಜೋಡಿಸಬೇಕಿಲ್ಲ. ಟೈಪ್ ಮಾಡಿದ್ದನ್ನು ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಹೆದರಬೇಡಿ. ಆ ಬರಹವನ್ನು ಆರಿಸಿ, ಫಾಂಟ್ ಪಟ್ಟಿಯಲ್ಲಿ ನುಡಿಯ ಫಾಂಟ್ ಕೊಟ್ಟರೆ ಕನ್ನಡವಾಗುತ್ತದೆ. ಫೋನಿನಿಂದ ಬಂದ ಬರಹ ಯುನಿಕೋಡ್ ಅನ್ನುವ ಹೊಸ ಸಂಕೇತ ಪದ್ಧತಿಯದು, ಅದನ್ನು ನೇರ ಅಂಟಿಸಿ ನುಡಿ ಫಾಂಟ್ ಕೊಟ್ಟರೆ ಮಾತ್ರ ಏನೂ ಆಗುವುದಿಲ್ಲ, ಮೊದಲು ಪರಿವರ್ತಿಸಬೇಕು. ಆ ಪರಿವರ್ತಕ ನುಡಿಯ ಜೊತೆಗೇ ಬರುತ್ತದೆ.

ನನಗೆ ಹಿಡಿಸಿದ್ದು ಎರಡನೇ ದಾರಿ: ಬರಹವನ್ನು ಚಿತ್ರ ಮಾಡಿ ಕಳಿಸುವುದು. ಚಿತ್ರವಾದ ಮೇಲೆ ಯಾವ ಕಾರ್ಡೂ ಅದನ್ನು ಒಡೆಯಲಾರದು. ವಿಂಡೋಸ್ ಕಂಪ್ಯೂಟರಿನಲ್ಲೇ ಇರುವ, ಚಿತ್ರ ಬರೆಯುವ ಪೇಂಟ್ ತಂತ್ರಾಂಶ ತೆರೆಯಿರಿ. ಅಳತೆಯನ್ನು ಬೋರ್ಡಿನಷ್ಟೇ ಇಡಿ, 128 × 16. ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. ಬರೆದ ಮೇಲೆ ಮಾನೋಕ್ರೋಮ್ ಬಿಟ್‌ಮ್ಯಾಪ್ ಆಗಿ ಉಳಿಸಿ, ಅಂದರೆ ಕಪ್ಪು ಬಿಳುಪು ಬಿಟ್ಟು ಬೇರೆ ಬಣ್ಣವೇ ಇಲ್ಲದ ಚಿತ್ರ. ಹೀಗೆ ಉಳಿಸಿದಾಗ ಅಕ್ಷರದ ಅಂಚಿನ ಬೂದು ಚುಕ್ಕಿಗಳಲ್ಲಿ ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ, ಅಕ್ಷರ ಸ್ವಲ್ಪ ಕಚ್ಚುಕಚ್ಚಾಗುತ್ತದೆ. ಈಗ ಶೇ. 800ರಷ್ಟು ದೊಡ್ಡದು ಮಾಡಿಕೊಂಡು ಪೆನ್ಸಿಲಿನಿಂದ ಒಂದೊಂದೇ ಚುಕ್ಕಿ ತಿದ್ದಿ. ಹತ್ತಕ್ಷರ ತಿದ್ದಲು ಕಾಲು ಗಂಟೆ ಸಾಕು. ರಂಗೋಲಿಯ ಚುಕ್ಕಿ ಇಟ್ಟು ಅಭ್ಯಾಸ ಇದ್ದವರಿಗೆ ಇದು ಇನ್ನೂ ಬೇಗ ಒಗ್ಗುತ್ತದೆ.

ತಿದ್ದುವಾಗ ಮುಖ್ಯವಾಗಿ ನೋಡಬೇಕಾದದ್ದು ಮಹಾಪ್ರಾಣದ ಗೀಟು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ: ಇವುಗಳ ನಡುವೆ ಇರುವುದು ಅಕ್ಷರದ ಕೆಳಗಿನ ಒಂದು ಸಣ್ಣ ಗೀಟು. 16 ಚುಕ್ಕಿಯಲ್ಲಿ ಅದು ಒಂದೆರಡು ಚುಕ್ಕಿ ಅಷ್ಟೇ, ಹೊಟ್ಟೆಗೆ ಅಂಟಿಕೊಂಡರೆ ಕಾಣುವುದೇ ಇಲ್ಲ. "ಧನಲಕ್ಷ್ಮಿ" ಅಂತ ಬರೆದಿರುತ್ತೀರಿ, ರಸ್ತೆಯಲ್ಲಿ ಹೋಗುವವರಿಗೆ "ದನಲಕ್ಷ್ಮಿ" ಕಾಣುತ್ತದೆ. ಮನೆದೇವರ ಹೆಸರು ಹೀಗಾದರೆ ಯಾರಿಗಾದರೂ ನೋವಾಗುತ್ತದೆ. ಗೀಟಿಗೂ ಅಕ್ಷರಕ್ಕೂ ನಡುವೆ ಒಂದು ಚುಕ್ಕಿ ಕಪ್ಪು ಮಾಡಿ, ಗೀಟನ್ನು ಒಂದು ಚುಕ್ಕಿ ಕೆಳಗೆ ಎಳೆಯಿರಿ. ದೂರದಿಂದಲೂ ಬೇರೆಯಾಗಿ ಕಾಣುತ್ತದೆ.

ಚಿತ್ರವನ್ನು ಆ್ಯಪಿನಲ್ಲಿ ಸೇರಿಸುವಾಗ ಹಿಗ್ಗಿಸುವ ಆಯ್ಕೆಯನ್ನು ಬಂದ್ ಮಾಡಿ. ಬರಹ ಉದ್ದವಿದ್ದರೆ ಎರಡು ಮೂರು ಚಿತ್ರ ಮಾಡಿ, ಒಂದರ ಹಿಂದೆ ಒಂದು ಬಿಡಿ.

ಪದ ಆರಿಸುವುದರಲ್ಲೂ ಉಪಾಯ ಇದೆ. "ಡಿಸ್ಕೌಂಟ್" ಅಂದರೆ ಒತ್ತು ಬೇಕು, "ರಿಯಾಯಿತಿ" ಅಂದರೆ ಒಂದೂ ಬೇಡ. "ಬಿಸಿ ಬಿಸಿ ದೋಸೆ" ಅನ್ನುವುದರಲ್ಲಿ ಒಂದು ಒತ್ತೂ ಇಲ್ಲ, 16 ಚುಕ್ಕಿಗೆ ಹೇಳಿ ಮಾಡಿಸಿದ ಸಾಲು. ಹಾಗಂತ ಇಡ್ಲಿ ಬಿಡಬೇಕಿಲ್ಲ, ಅದಕ್ಕೆ ತಿದ್ದುವ ಪೆನ್ಸಿಲ್ ಇದೆ. "ಫಾಸ್ಟ್‌ಫುಡ್" ಥರದ ಪದಗಳಲ್ಲಿ ನಡುವೆ ಜಾಗ ಬಿಟ್ಟು "ಫಾಸ್ಟ್ ಫುಡ್" ಅಂತ ಬರೆಯಿರಿ, ಇಲ್ಲದಿದ್ದರೆ ಹಳೆಯ ತಂತ್ರಾಂಶಗಳು ಟ ಕೆಳಗೆ ಫ ಒತ್ತು ಹಾಕಿಬಿಡುತ್ತವೆ. ಬೆಲೆಗೆ 1, 2, 3 ಅಂಕಿಗಳೇ ಇರಲಿ, ಓಡುವಾಗ ಬೇಗ ಸಿಗುತ್ತವೆ.

ಕರ್ನಾಟಕದಲ್ಲಿ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆ ಲೆಕ್ಕ ತುಂಬಿಸಲು ಒಡೆದ ಕನ್ನಡ ಓಡಿಸಬೇಡಿ. ಒಡೆದ ಅಕ್ಷರ ಓದುವವರಿಗೂ ದಕ್ಕುವುದಿಲ್ಲ, ಭಾಷೆಗೂ ಮರ್ಯಾದೆಯಲ್ಲ.

ಹಂತ 6: ಓಟದ ವೇಗ

ಇದರಲ್ಲಿ ಬಹುತೇಕ ಎಲ್ಲರೂ ಅವಸರ ಮಾಡುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೈಕ್ ಬರುತ್ತಿದೆ, ನಿಮ್ಮ ಬೋರ್ಡು 40 ಮೀಟರ್ ದೂರದಿಂದ ಕಾಣುತ್ತದೆ ಅನ್ನಿ. ಸವಾರನ ಕಣ್ಣಿಗೆ ಅದು ಸಿಗುವುದು ಐದು ಸೆಕೆಂಡಿಗಿಂತ ಕಡಿಮೆ. ಬರಹ ಸೆಕೆಂಡಿಗೆ 40 ಚುಕ್ಕಿ ಓಡುತ್ತಿದ್ದರೆ, ಅಕ್ಷರಕ್ಕೆ 14 ಚುಕ್ಕಿ ಹಿಡಿದರೂ 40 ಅಕ್ಷರದ ಸಾಲು ಪೂರ್ತಿ ಹಾದುಹೋಗಲು 17 ಸೆಕೆಂಡ್ ಬೇಕು. ಅಷ್ಟರಲ್ಲಿ ಅವರು ಮುಂದಿನ ಸರ್ಕಲ್ ದಾಟಿರುತ್ತಾರೆ. ಹಾಗಂತ ವೇಗ ಹೆಚ್ಚಿಸಿದರೆ ಓದಲು ಆಗುವುದಿಲ್ಲ, ಒತ್ತಕ್ಷರಗಳು ಗೆರೆಯಾಗಿ ಎಳೆದುಹೋಗುತ್ತವೆ.

ಹಾಗಾಗಿ ಮುಖ್ಯವಾದದ್ದನ್ನು ಓಡಿಸಬೇಡಿ, ನಿಲ್ಲಿಸಿ ತೋರಿಸಿ. 128 ಚುಕ್ಕಿಯಲ್ಲಿ ಒಂಬತ್ತು ಅಕ್ಷರ ಹಿಡಿಸುತ್ತದೆ. "ಔಷಧಿ ಅಂಗಡಿ" ಮೂರು ಸೆಕೆಂಡ್ ನಿಲ್ಲಲಿ, "ರಾತ್ರಿ 11ರವರೆಗೆ" ಮೂರು ಸೆಕೆಂಡ್ ನಿಲ್ಲಲಿ, ಆಮೇಲೆ ವಿವರ ಓಡಲಿ. ವಿವರ ಓದುವವರು ನಿಮ್ಮ ಮುಂದೆ ಬಸ್ಸಿಗೆ ಕಾಯುತ್ತ ನಿಂತವರು, ಅವರಿಗೆ ಸಮಯ ಇದೆ. ಹಾರುವುದು, ಕರಗುವುದು, ಪಟಪಟ ಮಿನುಗುವುದು ಇಂಥ ಆಟಗಳನ್ನೆಲ್ಲ ಬಿಡಿ. ಎಡಕ್ಕೆ ಓಡುವುದೊಂದೇ ಕನ್ನಡಕ್ಕೆ ಒಗ್ಗುವ ಓಟ.

ಹಂತ 7: ಕಳಿಸಿ, ಗಡಿಯಾರ ಮತ್ತು ಬೆಳಕು ಹೊಂದಿಸಿ

ಕಳಿಸುವ ಗುಂಡಿ ಒತ್ತಿ. ಮುಗಿಯುವವರೆಗೆ ಆ್ಯಪ್ ಮುಚ್ಚಬೇಡಿ, ಕರೆಂಟು ಆರಿಸಬೇಡಿ. ಆಮೇಲೆ ರಸ್ತೆ ದಾಟಿ ಎದುರು ಬದಿಯಿಂದ ಓದಿ. ಪಿ10 ಬೋರ್ಡನ್ನು ಹತ್ತು ಮೀಟರ್ ದೂರದಿಂದ ನೋಡಬೇಕು, ಹತ್ತಿರ ನಿಂತರೆ ಚುಕ್ಕಿಗಳಷ್ಟೇ ಕಾಣುತ್ತವೆ. ನೀವೇ ಬರೆದದ್ದು ನಿಮಗೆ ಹೇಗೂ ಓದಲು ಬರುತ್ತದೆ. ಅದಕ್ಕೇ ಗೊತ್ತಿಲ್ಲದ ಒಬ್ಬರ ಕೈಲಿ ಓದಿಸಿ.

ಫೋನಿನ ಸಮಯವನ್ನು ಕಾರ್ಡಿಗೆ ಕೊಡುವ ಗುಂಡಿಯನ್ನೂ ಒತ್ತಿ. ಇಷ್ಟು ಹೊತ್ತಿಗೆ ಆನ್, ಇಷ್ಟು ಹೊತ್ತಿಗೆ ಆಫ್ ಅಂತ ಇಟ್ಟಿದ್ದರೆ ಕಾರ್ಡಿನ ಗಡಿಯಾರ ಸರಿ ಇರಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ಸಮಯ ತಪ್ಪಿದರೆ ಕಾರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ, ಬದಲಿಸಿ.

ಬೆಳಕನ್ನು ಹಗಲಿಗೆ ಪೂರ್ತಿ ಇಡಿ, ಸಂಜೆ 6.30ರ ನಂತರ ಶೇ. 20–30ಕ್ಕೆ ಇಳಿಸಿ. ರಾತ್ರಿ ಪೂರ್ತಿ ಬೆಳಕಿದ್ದರೆ ಅಕ್ಷರದ ಸುತ್ತ ಪ್ರಭೆ ಹರಡಿ ಒತ್ತುಗಳು ಮುಚ್ಚಿಹೋಗುತ್ತವೆ. ಎದುರುಮನೆಯವರ ಮಲಗುವ ಕೋಣೆಗೆ ಕೆಂಪು ಬೆಳಕು ಬಡಿಯುವುದೂ ತಪ್ಪುತ್ತದೆ.

ಗುಡುಗು ಮಿಂಚು ಶುರುವಾದರೆ ಪ್ಲಗ್ ಕಿತ್ತಿಡಿ. ಬರಹ ಕಾರ್ಡಿನಲ್ಲೇ ಉಳಿದಿರುತ್ತದೆ, ಮತ್ತೆ ಹಾಕಿದಾಗ ತಾನಾಗಿ ಓಡುತ್ತದೆ.

ಹಬ್ಬದ ಶುಭಾಶಯ ಹಾಕುವಾಗ ಆ್ಯಪಿನಲ್ಲಿ ಕೊನೆಯ ದಿನಾಂಕ ಇಡುವ ಜಾಗ ಇದೆಯಾ ನೋಡಿ, ಇದ್ದರೆ ತುಂಬಿಬಿಡಿ. ಗೌರಿ ಗಣೇಶನ ಶುಭಾಶಯ ದೀಪಾವಳಿಯವರೆಗೂ ಓಡುತ್ತಿರುವ ಬೋರ್ಡುಗಳು ಪ್ರತಿ ಊರಿನಲ್ಲೂ ಇವೆ. ತಿದ್ದಿದ ಚಿತ್ರಗಳನ್ನು ಮಾತ್ರ ಅಳಿಸಬೇಡಿ. ಹಬ್ಬದ ಹೆಸರಿಟ್ಟು ಒಂದು ಫೋಲ್ಡರಿನಲ್ಲಿ ಇಡಿ, ಮುಂದಿನ ವರ್ಷ ಎರಡೇ ನಿಮಿಷದ ಕೆಲಸ.